ತಿಂದದ್ದು ಮೈಗೆ ಹತ್ತಬೇಕು



ಕಳೆದ ಸುಗ್ಗಿಗೆ ಮುಂಚೆ ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ರಾಗಿ ಬೆಳೆಯ ಕ್ಷೇತ್ರೋತ್ಸವ ಏರ್ಪಾಡಾಗಿತ್ತು. ತಳಿ, ಗೊಬ್ಬರ, ಕಳೆ ನಿರ್ವಹಣೆ ಎಲ್ಲವನ್ನೂ ವಿವರಿಸಿದ ನಂತರ, ರಾಗಿಯಲ್ಲಿ ಶೇಕಡಾ 7ರಷ್ಟು ಸಸಾರಜನಕ, ಅಂದರೆ ಪ್ರೋಟೀನು, ಇದೆ ಎಂದು ಹೇಳಿ ನಾನು ಮಾತು ಮುಗಿಸಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ರೈತ ಮಹಿಳೆಯೊಬ್ಬರು ಎದ್ದು ಕೇಳಿದರು: "ಸಾರ್, ನಮ್ಮನೇಲಿ ಮೂರು ಹೊತ್ತೂ ರಾಗೀನೇ. ಹೊಟ್ಟೆ ತುಂಬ ತಿಂತೀವಿ. ಆದ್ರೂ ಅಂಗನವಾಡೀಲಿ ತೂಕ ಹಾಕಿದ್ರೆ ನನ್ನ ಮೊಮ್ಮಗಳು ತೂಕ ಕಡಿಮೆ ಅಂತಾರೆ. ತಿಂದಿದ್ದೆಲ್ಲ ಎಲ್ಲಿಗೆ ಹೋಗ್ತದೆ?"

ಮಗುವಿನ ತೂಕ ಕಡಿಮೆಯಾಗಲು ಭೇದಿ, ಜಂತುಹುಳು, ಜ್ವರ ಮುಂತಾದ ಕಾರಣಗಳೂ ಇರುತ್ತವೆ, ವೈದ್ಯರಿಗೆ ತೋರಿಸಿ ತಾಯಿ ಎಂದು ಹೇಳಿದೆ. ಆ ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಊಟದ ಹೊತ್ತಿನಲ್ಲಿ ಆಕೆಯೊಡನೆ ಮಾತು ಮುಂದುವರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಹೊಲದಲ್ಲಿ ಬಿಡಿಸಿದ ಅವರೆಕಾಯಿಯೆಲ್ಲ ಬೆಂಗಳೂರಿನ ಮಾರುಕಟ್ಟೆಗೆ, ಕರೆದ ಹಾಲೆಲ್ಲ ಡೇರಿಗೆ. ಮನೆಗೆ ಉಳಿಯುವುದು ಮುದ್ದೆ ಮತ್ತು ತಿಳಿಸಾರು. ಆಕೆಯ ಪ್ರಶ್ನೆಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟೇ: ಕಾಳಿನಲ್ಲಿ ಎಷ್ಟು ಸಸಾರಜನಕ ಇದೆ ಎಂಬುದು ಅರ್ಧ ಮಾತು. ಅದರಲ್ಲಿ ಎಷ್ಟು ಮೈಗೆ ಹತ್ತುತ್ತದೆ ಎಂಬುದು ಉಳಿದರ್ಧ. ಈ ಉಳಿದರ್ಧವನ್ನು ಸರಿಪಡಿಸುವ ಶಕ್ತಿ ಅಂಗಡಿಯಲ್ಲಿಲ್ಲ, ನಿಮ್ಮ ಅಕ್ಕಡಿ ಸಾಲಿನಲ್ಲಿ ಮತ್ತು ನಿಮ್ಮ ಅಡಿಗೆಮನೆಯಲ್ಲಿದೆ. ಆದುದರಿಂದ ಮನೆಗೆ ಬೇಕಾದ ಕಾಳನ್ನು ಮೊದಲು ಅಳೆದಿಟ್ಟು, ಆಮೇಲೆ ಮಿಕ್ಕದ್ದನ್ನು ಮಾರಿರಿ.

ಅಳತೆಯಲ್ಲಿರುವ ತೊಡಕು

ಪ್ರಯೋಗಾಲಯದಲ್ಲಿ ಧಾನ್ಯದ ಸಸಾರಜನಕವನ್ನು ನೇರವಾಗಿ ಅಳೆಯುವುದು ಅಪರೂಪ. ಧಾನ್ಯವನ್ನು ಆಮ್ಲದಲ್ಲಿ ಕುದಿಸಿ, ಅದರಲ್ಲಿರುವ ಸಾರಜನಕವನ್ನು ಬೇರ್ಪಡಿಸಿ ಅಳೆದು, ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತೇವೆ. ಡೆನ್ಮಾರ್ಕಿನ ಕೆಲ್ಡಾಲ್ ಎಂಬ ವಿಜ್ಞಾನಿ 1883ರಲ್ಲಿ ಸಾರಜನಕ ಅಳೆಯುವ ಈ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಆದರೆ ಕುದಿಯುವ ಗಂಧಕಾಮ್ಲ ಏನನ್ನು ಬೇಕಾದರೂ ಕರಗಿಸುತ್ತದೆ. ಮನುಷ್ಯನ ಹೊಟ್ಟೆ ಹಾಗಲ್ಲ.

ನಾವು ತಿಂದ ಸಸಾರಜನಕ ಜಠರದ ಆಮ್ಲದಲ್ಲಿ ನೆನೆದು, ಪೆಪ್ಸಿನ್ ಎಂಬ ಕಿಣ್ವದಿಂದ ತುಂಡಾಗಿ, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಮುಂತಾದ ಕಿಣ್ವಗಳಿಂದ ಇನ್ನೂ ಸಣ್ಣದಾಗಿ ಅಮೈನೋ ಆಮ್ಲಗಳಾಗುತ್ತದೆ. ಈ ಅಮೈನೋ ಆಮ್ಲಗಳು ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿದರೆ ಮಾತ್ರ ಅದು ನಮ್ಮದು. ದಾಟದೆ ಉಳಿದದ್ದು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಕೊನೆಗೆ ಮಲದಲ್ಲಿ ಹೊರಹೋಗುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಒಣ ಹುಲ್ಲು ಮತ್ತು ಯೂರಿಯಾದಿಂದಲೂ ಒಳ್ಳೆಯ ಸಸಾರಜನಕ ತಯಾರಿಸಿಕೊಡಬಲ್ಲವು. ನಮಗೆ ಆ ಸೌಲಭ್ಯವಿಲ್ಲ. ನಮಗೆ ಬೇಕಾದದ್ದು ತಟ್ಟೆಯಲ್ಲೇ ಇರಬೇಕು.

ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 1985ರ ವರದಿಯಲ್ಲಿ ಬೇರೆ ಬೇರೆ ಆಹಾರಗಳ ಸಸಾರಜನಕ ನೂರಕ್ಕೆ ಎಷ್ಟು ಪಾಲು ಜೀರ್ಣವಾಗುತ್ತದೆಂಬ ಪಟ್ಟಿ ಕೊಟ್ಟಿದ್ದಾರೆ. ಅದರಂತೆ ಮೊಟ್ಟೆ 97, ಹಾಲು 95, ಮಾಂಸ ಮತ್ತು ಮೀನು 94, ಪಾಲಿಶ್ ಮಾಡಿದ ಅಕ್ಕಿ 88, ಇಡೀ ಗೋಧಿ 86, ಮೆಕ್ಕೆಜೋಳ 85, ಕಿರುಧಾನ್ಯಗಳು 79, ಹುರುಳಿಕಾಯಿ ಜಾತಿಯ ಒಣ ಕಾಳುಗಳು 78. ತಳಿ ಮತ್ತು ಅಡಿಗೆಯ ಕ್ರಮಕ್ಕೆ ತಕ್ಕಂತೆ ಈ ಅಂಕಿಗಳು ಹಿಂದೆ ಮುಂದೆ ಆಗುವುದುಂಟು. ಆದರೆ ಒಟ್ಟು ಚಿತ್ರ ಬದಲಾಗುವುದಿಲ್ಲ. ನಮ್ಮ ರಾಗಿ ಮತ್ತು ಕಾಳುಗಳಲ್ಲಿ ಐದನೆಯ ಒಂದು ಪಾಲು ಮೈಗೆ ಹತ್ತದೆ ಹೋಗುತ್ತದೆ.

ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಕಾಳು ಎಂಬುದು ಮುಂದಿನ ಸಸಿಯ ಬುತ್ತಿ. ಹುಳು ಹುಪ್ಪಟೆಗಳಿಂದ ಅದನ್ನು ಕಾಪಾಡಲು ಸಸ್ಯ ಕೆಲವು ಬೀಗಗಳನ್ನು ಹಾಕಿರುತ್ತದೆ. ಕೆಂಪು, ಕಂದು ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತುವಿದ್ದು ಅದು ಸಸಾರಜನಕವನ್ನು ಕಚ್ಚಿ ಹಿಡಿಯುತ್ತದೆ. ಹುರುಳಿ, ಅವರೆ, ಸೋಯಾ ಕಾಳುಗಳಲ್ಲಿ ಟ್ರಿಪ್ಸಿನ್ ಕಿಣ್ವದ ಕೆಲಸವನ್ನೇ ತಡೆಯುವ ವಸ್ತುಗಳಿರುತ್ತವೆ. ಇವುಗಳ ಜೊತೆಗೆ ನಾರು ಮತ್ತು ಫೈಟಿಕ್ ಆಮ್ಲ ಸೇರಿಕೊಳ್ಳುತ್ತವೆ.

ಕೊರತೆ ಇರುವ ಒಂದು ಅಂಶ

ಜೀರ್ಣವಾದರೆ ಮುಗಿಯಿತೇ? ಇಲ್ಲ. ಇಲ್ಲಿ ನಿಮಗೆ ಹೊಲದ ಉದಾಹರಣೆಯನ್ನೇ ಕೊಡುತ್ತೇನೆ. ಸತುವಿನ ಕೊರತೆಯಿರುವ ಭತ್ತದ ಗದ್ದೆಗೆ ಯೂರಿಯಾ ಮೇಲೆ ಯೂರಿಯಾ ಸುರಿದರೆ ಇಳುವರಿ ಬರುವುದಿಲ್ಲವೆಂದು ನೀವು ಬಲ್ಲಿರಿ. ಯಾವ ಪೋಷಕಾಂಶ ಎಲ್ಲಕ್ಕಿಂತ ಕಡಿಮೆಯಿದೆಯೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ. ಮೈ ಕಟ್ಟುವ ಕೆಲಸವೂ ಹಾಗೆಯೇ. ನಮ್ಮ ದೇಹ ತಾನಾಗಿ ತಯಾರಿಸಲಾಗದ ಒಂಬತ್ತು ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಒಂದು ಕಡಿಮೆಯಾದರೂ ಉಳಿದ ಎಂಟು ತಮ್ಮ ಪೂರ್ಣ ಕೆಲಸ ಮಾಡಲಾರವು.

ರಾಗಿ, ಅಕ್ಕಿ, ಜೋಳ, ಗೋಧಿ ಈ ಎಲ್ಲ ಏಕದಳ ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ದ್ವಿದಳ ಧಾನ್ಯಗಳಲ್ಲಿ ಲೈಸಿನ್ ಧಾರಾಳ, ಆದರೆ ಗಂಧಕ ಸೇರಿದ ಮಿಥಿಯೋನಿನ್ ಕಡಿಮೆ. ರಾಗಿಯಲ್ಲಿ ಈ ಮಿಥಿಯೋನಿನ್ ಚೆನ್ನಾಗಿಯೇ ಇದೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಇಂಥ ಜೋಡಿ ಸಿಗುವುದು ಅಪರೂಪ. ಮುದ್ದೆಗೆ ಕಾಳಿನ ಸಾರು, ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ ಅಥವಾ ಮಡಿಕೆಕಾಳು, ಅನ್ನಕ್ಕೆ ಬೇಳೆ: ನಮ್ಮ ಹಿರಿಯರು ಲೈಸಿನ್ನಿನ ಹೆಸರು ಕೇಳಿರಲಿಲ್ಲ, ಆದರೆ ಊಟದ ಜೋಡಿಯನ್ನು ಸರಿಯಾಗಿಯೇ ಕೂಡಿಸಿದ್ದರು.

ಕೋಳಿ ಸಾಕುವ ರೈತರಿಗೆ ಈ ಮಾತು ಹೊಸದಲ್ಲ. ಕೋಳಿ ಆಹಾರ ತಯಾರಿಸುವವರು ಮೆಕ್ಕೆಜೋಳಕ್ಕೆ ಸೋಯಾ ಹಿಂಡಿ ಬೆರೆಸಿ, ಆಮೇಲೂ ಉಳಿಯುವ ಲೈಸಿನ್, ಮಿಥಿಯೋನಿನ್ ಕೊರತೆಯನ್ನು ಗ್ರಾಮಿನ ಲೆಕ್ಕದಲ್ಲಿ ತುಂಬುತ್ತಾರೆ. ಅದೂ ಕಾಳಿನಲ್ಲಿ ಇರುವ ಲೈಸಿನ್ ಲೆಕ್ಕವಲ್ಲ, ಜೀರ್ಣವಾಗುವ ಲೈಸಿನ್ ಲೆಕ್ಕ. ಕೆಲವೇ ವಾರ ಬದುಕುವ ಮಾಂಸದ ಕೋಳಿಗೆ ಇಷ್ಟು ನಿಖರವಾದ ಲೆಕ್ಕ ಹಾಕುವ ನಾವು, ನಮ್ಮ ಮಕ್ಕಳ ತಟ್ಟೆಗೆ ಯಾವ ಲೆಕ್ಕವನ್ನೂ ಹಾಕದಿರುವುದು ನನಗೆ ಸರಿಕಾಣುವುದಿಲ್ಲ.

ಒಂದು ಸರಳ ಲೆಕ್ಕ

60 ಕಿಲೋ ತೂಕದ ದುಡಿಯುವ ರೈತನೊಬ್ಬ ದಿನಕ್ಕೆ 400 ಗ್ರಾಂ ರಾಗಿ ತಿನ್ನುತ್ತಾನೆಂದು ಇಟ್ಟುಕೊಳ್ಳೋಣ. ಅದರಲ್ಲಿ ಸುಮಾರು 28 ಗ್ರಾಂ ಸಸಾರಜನಕವಿದೆ. ನೂರಕ್ಕೆ 79ರಂತೆ ಜೀರ್ಣವಾಗುವುದು 22 ಗ್ರಾಂ. ರಾಗಿಯ ಸಸಾರಜನಕದಲ್ಲಿ ಲೈಸಿನ್ ನೂರಕ್ಕೆ ಸುಮಾರು 3 ಭಾಗ. ಅಂದರೆ ಮೈಗೆ ದೊರೆಯುವ ಲೈಸಿನ್ ಸುಮಾರು 0.66 ಗ್ರಾಂ. ಆ ತೂಕದ ಮನುಷ್ಯನಿಗೆ ದಿನಕ್ಕೆ ಬೇಕಾದದ್ದು ಕಿಲೋ ತೂಕಕ್ಕೆ 30 ಮಿಲಿಗ್ರಾಂನಂತೆ 1.8 ಗ್ರಾಂ. ಹೊಟ್ಟೆ ತುಂಬಿದೆ, ಆದರೆ ಲೈಸಿನ್ ಮೂರನೆಯ ಒಂದು ಪಾಲು ಮಾತ್ರ ತುಂಬಿದೆ.

ಇದಕ್ಕೆ 100 ಗ್ರಾಂ ತೊಗರಿ, ಅವರೆ ಅಥವಾ ಹುರುಳಿ ಸೇರಿಸಿ ನೋಡಿ. ಅದರಲ್ಲಿ ಸುಮಾರು 22 ಗ್ರಾಂ ಸಸಾರಜನಕ, ಅದರಲ್ಲಿ ನೂರಕ್ಕೆ 7 ಭಾಗದಂತೆ ಲೈಸಿನ್ ಸುಮಾರು 1.5 ಗ್ರಾಂ. ನೂರಕ್ಕೆ 78ರಂತೆ ಜೀರ್ಣವಾದರೆ 1.2 ಗ್ರಾಂ. ಎರಡೂ ಸೇರಿ 1.86 ಗ್ರಾಂ. ಕೊರತೆ ತುಂಬಿಹೋಯಿತು. ಇದಕ್ಕೆ ಒಂದು ಲೋಟ ಹಾಲನ್ನೋ ಒಂದು ಬಟ್ಟಲು ಗಟ್ಟಿ ಮೊಸರನ್ನೋ ಸೇರಿಸಿದರೆ ಊಟ ಇನ್ನೂ ಭದ್ರ.

ಗಮನಿಸಿ, ಇಲ್ಲಿ ಎಣಿಸಿದ್ದು ಕಾಳನ್ನು, ಸಾರಿನ ನೀರನ್ನಲ್ಲ. ಹಿಂದೆ ಎಷ್ಟೋ ಮನೆಗಳಲ್ಲಿ ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಬೆಂದ ಕಾಳನ್ನು ಎತ್ತಿಗೆ ಹಾಕುತ್ತಿದ್ದರು. ಕಟ್ಟಿನ ಸಾರು ರುಚಿಯಾದದ್ದು ನಿಜ. ಆದರೆ ಸಸಾರಜನಕದ ಬಹುಪಾಲು ಎತ್ತಿನ ಬಾನಿಗೆ ಹೋಗುತ್ತಿತ್ತು. ಎತ್ತು ಕಡಿಮೆಯಾದ ಈ ಕಾಲದಲ್ಲೂ ತಿಳಿಸಾರಿನ ರೂಢಿ ಉಳಿದಿದೆ. ಸಾರಿನ ತಳದಲ್ಲಿರುವ ಕಾಳು ಗಂಡಸರ ಬಟ್ಟಲಿಗೆ, ಮೇಲಿನ ತಿಳಿ ಕೊನೆಗೆ ಉಣ್ಣುವ ಹೆಂಗಸರಿಗೆ ಎಂಬುದನ್ನೂ ನಾನು ನನ್ನ ಮನೆಯಲ್ಲೇ ಚಿಕ್ಕಂದಿನಲ್ಲಿ ಕಂಡಿದ್ದೇನೆ. ನನ್ನ ತಾಯಿ ಸೌಟನ್ನು ತಳಕ್ಕೆ ಹಾಕಿದ್ದು ನಮಗಾಗಿ ಮಾತ್ರ. ಬಸುರಿ, ಬಾಣಂತಿ ಮತ್ತು ಬೆಳೆಯುವ ಮಗು, ಈ ಮೂವರಿಗೇ ಒಳ್ಳೆಯ ಸಸಾರಜನಕ ಹೆಚ್ಚು ಬೇಕು. ಅವರ ಬಟ್ಟಲಿಗೆ ಸೌಟು ತಳದಿಂದ ಬರಲಿ.

ಬೀಗ ತೆಗೆಯುವ ಕೈ

ಕಾಳಿನ ಬೀಗಗಳನ್ನು ತೆಗೆಯುವುದು ಅಡಿಗೆಮನೆಯ ಕೆಲಸ. ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು 1917ರಲ್ಲಿ ಇಲಿಗಳಿಗೆ ಹಸಿ ಸೋಯಾ ತಿನ್ನಿಸಿದಾಗ ಅವು ಬೆಳೆಯಲಿಲ್ಲ, ಬೇಯಿಸಿದ ಸೋಯಾ ತಿಂದ ಇಲಿಗಳು ಬೆಳೆದವು. ಶಾಖಕ್ಕೆ ಸಿಕ್ಕಾಗ ಟ್ರಿಪ್ಸಿನ್ ತಡೆಯುವ ವಸ್ತುಗಳು ಬಹುಮಟ್ಟಿಗೆ ನಾಶವಾಗುತ್ತವೆ. ಮೊಟ್ಟೆಯ ವಿಷಯವೂ ಹೀಗೆಯೇ. ಹಸಿ ಮೊಟ್ಟೆ ಕುಡಿದರೆ ಬಲ ಎಂಬ ನಂಬಿಕೆ ತಪ್ಪು. ಹಸಿಯದರಲ್ಲಿ ಸುಮಾರು ಅರ್ಧದಷ್ಟು ಸಸಾರಜನಕ ಮಾತ್ರ ಜೀರ್ಣವಾಗುತ್ತದೆ, ಬೇಯಿಸಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ.

ಆದುದರಿಂದ ಈ ಕ್ರಮಗಳನ್ನು ಅನುಸರಿಸಿ.

1. ಇಡೀ ಕಾಳನ್ನು ರಾತ್ರಿ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಪ್ರೆಷರ್ ಕುಕ್ಕರ್ ಇದ್ದರೆ ಕೆಲಸವೂ ಸೌದೆಯೂ ಉಳಿತಾಯ. ಬೆಂದ ನೀರನ್ನು ಚೆಲ್ಲದೆ ಸಾರಿಗೆ ಬಳಸಿ.

2. ಹುರುಳಿ, ಹೆಸರು, ಅಲಸಂದೆ ಕಾಳುಗಳಿಗೆ ಮೊಳಕೆ ಬರಿಸಿ. ಮೊಳೆಯುವಾಗ ಕಾಳು ತನ್ನ ಬೀಗಗಳನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಮೊಳಕೆ ಬಂದ ಹುರುಳಿಯನ್ನೂ ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಿ.

3. ಟ್ಯಾನಿನ್ ಹೆಚ್ಚಾಗಿರುವುದು ಸಿಪ್ಪೆಯಲ್ಲಿ. ಹಿತಕಿದ ಬೇಳೆ ಮಾಡುವುದು ರುಚಿಗಾಗಿ ಮಾತ್ರವಲ್ಲ, ಜೀರ್ಣಕ್ಕೂ ಒಳ್ಳೆಯದು. ಸಣ್ಣ ಮಕ್ಕಳಿಗೆ ಮತ್ತು ವಯಸ್ಸಾದವರಿಗೆ ಸಿಪ್ಪೆ ತೆಗೆದ ಬೇಳೆಯೇ ಮೇಲು.

4. ಜೋಳದ ಸಸಾರಜನಕ ಬೇಯಿಸಿದಾಗ ಇನ್ನಷ್ಟು ಬಿಗಿದುಕೊಂಡು ಜೀರ್ಣಕ್ಕೆ ಕಷ್ಟವಾಗುತ್ತದೆ. ಇದು ಜೋಳದ ವಿಚಿತ್ರ ಗುಣ. ಹಿಟ್ಟನ್ನು ಹುಳಿ ಬರಿಸಿ ಅಂಬಲಿ ಮಾಡಿದರೆ ಈ ದೋಷ ತಗ್ಗುತ್ತದೆ. ರೊಟ್ಟಿ ಉಣ್ಣುವವರು ಕಾಳುಪಲ್ಯ, ಮೊಸರು ಬಿಡಬಾರದು.

5. ಆರು ತಿಂಗಳು ತುಂಬಿದ ಮಗುವಿಗೆ ಮೊಳಕೆ ಬರಿಸಿ ಒಣಗಿಸಿ ಹುರಿದ ರಾಗಿ ಹಿಟ್ಟಿಗೆ, ಹುರಿದ ಹೆಸರುಬೇಳೆಯ ಹಿಟ್ಟನ್ನು ಮೂರಕ್ಕೆ ಒಂದರಂತೆ ಬೆರೆಸಿ ಸರಿ ಮಾಡಿ ಕೊಡಿ. ಮೊಳಕೆ ರಾಗಿಯ ಗಂಜಿ ಬೇಗ ಗಟ್ಟಿಯಾಗುವುದಿಲ್ಲ. ಆದುದರಿಂದ ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಹಿಟ್ಟು ಸೇರುತ್ತದೆ.

ನಮ್ಮ ತಪ್ಪೂ ಇದೆ

ಬೇಸಾಯ ಶಾಸ್ತ್ರದವನಾಗಿ ನಾನು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಎಕರೆಗೆ ಎಷ್ಟು ಕ್ವಿಂಟಾಲ್ ಎಂಬುದನ್ನೇ ನಾವು ವರ್ಷಗಟ್ಟಲೆ ಕೇಳುತ್ತ ಬಂದೆವು. ಸಾರಜನಕ ಗೊಬ್ಬರ ಹೆಚ್ಚಿಸಿದರೆ ಧಾನ್ಯದ ಸಸಾರಜನಕದ ಪ್ರಮಾಣವೂ ಏರುತ್ತದೆಂದು ಕೋಷ್ಟಕಗಳಲ್ಲಿ ತೋರಿಸಿದೆವು. ಆದರೆ ಜೋಳ, ಮೆಕ್ಕೆಜೋಳಗಳಲ್ಲಿ ಹೀಗೆ ಏರುವ ಭಾಗದಲ್ಲಿ ಹೆಚ್ಚಿನದು ಪ್ರೋಲಮಿನ್ ಎಂಬ ಜಾತಿಯದು. ಅದರಲ್ಲಿ ಲೈಸಿನ್ ತೀರ ಕಡಿಮೆ. ಕೋಷ್ಟಕದ ಅಂಕಿ ಏರಿತು, ತಟ್ಟೆಯ ಗುಣ ಅಷ್ಟೇ ಏರಲಿಲ್ಲ. ಯೂರಿಯಾ ಚೀಲದಿಂದ ತುಂಬಲಾಗದ ಈ ಕೊರತೆಯನ್ನು ಎರಡು ಸಾಲು ತೊಗರಿ ತುಂಬುತ್ತದೆ.

ಅಕ್ಕಡಿ ಸಾಲು ನಮ್ಮ ಮಳೆಯಾಶ್ರಿತ ಬೇಸಾಯದ ಬೆನ್ನೆಲುಬಾಗಿತ್ತು. ಟ್ರ್ಯಾಕ್ಟರ್ ಬಿತ್ತನೆ, ಕಳೆನಾಶಕ, ಯಂತ್ರದ ಕೊಯ್ಲು ಬಂದಂತೆ ಅಕ್ಕಡಿ ಅಡ್ಡಿಯೆನಿಸಿತು, ರಾಗಿ ಒಂದನ್ನೇ ಬಿತ್ತುವುದು ಹೆಚ್ಚಿತು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ಇಂದಿಗೂ ಬೆಂಗಳೂರು ಸುತ್ತಿನ ಕೆಂಪು ಮಣ್ಣಿಗೆ ಒಪ್ಪುವ ಶಿಫಾರಸು. ಸಾಲುಗಳು ಬೇರೆ ಬೇರೆಯಾಗಿರುವುದರಿಂದ ಕೊಯ್ಲಿಗೂ ತೊಡಕಿಲ್ಲ. ಮಳೆ ಮುಂದೆ ಹೋಗಿ ರಾಗಿ ಸೊರಗಿದ ವರ್ಷ ಆಳಕ್ಕೆ ಬೇರಿಳಿಸಿದ ತೊಗರಿ ಕೈಹಿಡಿಯುತ್ತದೆ. ತೊಗರಿ ಉದುರಿಸುವ ಎಲೆ ನೆಲಕ್ಕೆ ಗೊಬ್ಬರ.

ಐದು ಜನರ ಕುಟುಂಬಕ್ಕೆ ತಲೆಗೆ 80 ಗ್ರಾಂನಂತೆ ದಿನಕ್ಕೆ 400 ಗ್ರಾಂ, ವರ್ಷಕ್ಕೆ ಸುಮಾರು ಒಂದೂವರೆ ಕ್ವಿಂಟಾಲ್ ಕಾಳು ಬೇಕು. ಬೇಳೆ ಒಡೆಸುವುದಾದರೆ ಹೊಟ್ಟು ನುಚ್ಚಿನ ಲೆಕ್ಕ ಹಿಡಿದು ಇನ್ನಷ್ಟು ಇಟ್ಟುಕೊಳ್ಳಿ. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಕಿಲೋಗೆ ಒಂದು ಚಮಚದಂತೆ ಅಡಿಗೆ ಎಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಕಾಳಿಗೆ ಹುಳು ಹೊಡೆಯುವುದಿಲ್ಲ.

ಕೆಲವು ಆಕ್ಷೇಪಣೆಗಳು

ಕಾಳು ತಿಂದರೆ ವಾಯು ಎನ್ನುವವರಿದ್ದಾರೆ. ವಾಯುವಿಗೆ ಮುಖ್ಯ ಕಾರಣ ಸಸಾರಜನಕವಲ್ಲ, ಕಾಳಿನಲ್ಲಿರುವ ಕೆಲವು ಬಗೆಯ ಸಕ್ಕರೆಗಳು. ನೆನೆಸಿದ ನೀರು ಚೆಲ್ಲುವುದರಿಂದ, ಮೊಳಕೆ ಬರಿಸುವುದರಿಂದ ಅವು ಕಡಿಮೆಯಾಗುತ್ತವೆ.

ಅಕ್ಕಿಯ ಸಸಾರಜನಕ 88 ಪಾಲು ಜೀರ್ಣವಾಗುವುದಾದರೆ ರಾಗಿ ಬಿಟ್ಟು ಅಕ್ಕಿ ಹಿಡಿಯಬಾರದೇಕೆ ಎಂದು ಕೇಳಬಹುದು. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ರಾಗಿ ಸೀಮೆಯ ಮನೆಗಳಿಗೂ ಅಕ್ಕಿ ಧಾರಾಳವಾಗಿ ಬಂದಿದೆ. ಆದರೆ ಅಕ್ಕಿಯಲ್ಲಿಯೂ ಲೈಸಿನ್ ಕೊರತೆ ಇದ್ದೇ ಇದೆ. ಮೇಲಾಗಿ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಒಂದೇ ಅಂಕಿ ಹಿಡಿದು ಬೆಳೆಯನ್ನು ತೂಗುವುದು ಸರಿಯಲ್ಲ. ರಾಗಿಯನ್ನು ಬಿಡಬೇಡಿ, ಅದಕ್ಕೆ ಜೊತೆ ಕೊಡಿ.

ಹಾಲು, ಕಾಳು ಮಾರದಿದ್ದರೆ ಸಾಲ ತೀರಿಸುವುದು ಹೇಗೆ ಎಂಬುದು ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಡೇರಿಯ ಬಟವಾಡೆಯಿಂದಲೇ ನಡೆಯುವ ಮನೆಗಳನ್ನು ನಾನು ಬಲ್ಲೆ. ನಾನು ಎಲ್ಲವನ್ನೂ ಮನೆಯಲ್ಲಿಡಿ ಎನ್ನುತ್ತಿಲ್ಲ. ಕ್ಯಾನಿಗೆ ಸುರಿಯುವ ಮೊದಲು ಮಕ್ಕಳ ಪಾಲಿನ ಅರ್ಧ ಲೀಟರ್ ತೆಗೆದಿಡಿ ಎನ್ನುತ್ತೇನೆ. ಸುಗ್ಗಿಯಲ್ಲಿ ಅಗ್ಗಕ್ಕೆ ಕಾಳು ಮಾರಿ, ಆರು ತಿಂಗಳ ನಂತರ ಅದೇ ಕಾಳಿನ ಬೇಳೆಯನ್ನು ಅಂಗಡಿಯಲ್ಲಿ ತುಟ್ಟಿಗೆ ಕೊಳ್ಳುವುದು ಲಾಭದ ವ್ಯವಹಾರವಲ್ಲ. ತುಟ್ಟಿಯಾದಾಗ ಮನೆಯವರು ಕೊಳ್ಳುವುದನ್ನೇ ಕಡಿಮೆ ಮಾಡುತ್ತಾರೆ. ಆಗ ಮೊದಲು ತೆಳ್ಳಗಾಗುವುದು ಸಾರು. ಇನ್ನು ಕೆಲವರು ಇದೇ ಹಣದಲ್ಲಿ ಬಣ್ಣದ ಡಬ್ಬಿಯ ಪ್ರೋಟೀನು ಪುಡಿ ತರುತ್ತಾರೆ. ಆರೋಗ್ಯವಂತ ಕುಟುಂಬಕ್ಕೆ ಅದರ ಅಗತ್ಯವಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಕಾಳು, ಹಾಲು, ಪುಡಿ ಯಾವುದನ್ನೇ ಆಗಲಿ ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು 2020ರಲ್ಲಿ ಹೇಳಿರುವುದೂ ಇದನ್ನೇ. ಒಳ್ಳೆಯ ಗುಣದ ಸಸಾರಜನಕವಾದರೆ ಕಿಲೋ ತೂಕಕ್ಕೆ 0.83 ಗ್ರಾಂ ಸಾಕು, ಬರೀ ಏಕದಳ ಧಾನ್ಯವನ್ನೇ ನೆಚ್ಚಿದರೆ 1 ಗ್ರಾಂ ಬೇಕು. ಮೂರು ಪಾಲು ಧಾನ್ಯ, ಒಂದು ಪಾಲು ಕಾಳು, ಎರಡೂವರೆ ಪಾಲು ಹಾಲು ಎಂಬುದು ಅವರು ಕೊಟ್ಟ ಸೂತ್ರ. ಹಾಲು ಅಷ್ಟು ಸಾಧ್ಯವಾಗದ ಮನೆಯಲ್ಲಿ ಕಾಳನ್ನಾದರೂ ಬಿಡಬಾರದು. ಮೊಟ್ಟೆ ತಿನ್ನುವವರು ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿಕೊಳ್ಳಲಿ.

ಕ್ಷೇತ್ರೋತ್ಸವದಲ್ಲಿ ಪ್ರಶ್ನೆ ಕೇಳಿದ ಆ ತಾಯಿಗೆ ನನ್ನ ಉತ್ತರ ಇದು: ತಿಂದದ್ದು ಎಲ್ಲಿಗೂ ಹೋಗಿಲ್ಲ ತಾಯಿ, ಅದರ ಜೊತೆಗಾರ ಮಾರುಕಟ್ಟೆಗೆ ಹೋಗಿದೆ. ಮುಂದಿನ ಮುಂಗಾರಿಗೆ ಬಿತ್ತನೆ ಬೀಜ ತೆಗೆದಿಡುವಾಗ ನಾವು ಎಷ್ಟು ಕಷ್ಟವಿದ್ದರೂ ಅದನ್ನು ಮುಟ್ಟುವುದಿಲ್ಲ. ಮನೆಯ ಕಾಳನ್ನೂ ಹಾಗೆಯೇ ಬೀಜದ ಕಾಳೆಂದು ತಿಳಿದು ತೆಗೆದಿಡಿ. ಈ ಸಲ ರಾಗಿ ಬಿತ್ತುವಾಗ ಎರಡು ಸಾಲು ತೊಗರಿ ಬಿಡುವುದನ್ನು ಮರೆಯಬೇಡಿ.